ಎಲ್ಲ ಬಿಟ್ಟು ಹೋದ ರಾಜೀವ, ಏನೂ ಬಿಡದ ನಾನು!

ಓದುಗ ಗೆಳೆಯರೇ, ಮೊದಲಿಗೊಂದು ದೃಶ್ಯ.

ದೊಡ್ಡ ವೇದಿಕೆ. ಕಣ್ಣು ಕೋರೈಸುವ ದೀಪಗಳು. ಸಾವಿರಾರು ಹುಡುಗರ ಶಿಳ್ಳೆ. ನಾಯಕ ನಟರು ಕಾರಿನಿಂದ ಇಳಿದರು. ಬಾಗಿಲು ಹಾಕಿದ ಸದ್ದು ಕೂಡ ಕೇಳಿಸಲಿಲ್ಲ, ಅಂಥಾ ಕಾರು! ಮೈಕು ಹಿಡಿದವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಗದ್ಗದ ದನಿಯಲ್ಲಿ, ದುಡ್ಡು ಅನ್ನೋದು ಏನೂ ಅಲ್ಲ, ಬಂಗಲೆ ಕಾರು ಯಾವುದೂ ನಮ್ಮ ಹಿಂದೆ ಬರೋದಿಲ್ಲ, ನನ್ನದು ನಿನ್ನದು ಅನ್ನೋದು ಹೋದರೆ ಈ ಲೋಕವೇ ಸ್ವರ್ಗ ಅಂದರು. ಶಿಳ್ಳೆ ಮುಗಿಲು ಮುಟ್ಟಿತು!

ಪತ್ರಕರ್ತರ ಸಾಲಿನಲ್ಲಿ ನೋಟುಬುಕ್ಕು ಹಿಡಿದು ನಾನೂ ಕೂತಿದ್ದೆ. ನನ್ನ ಹಿಂದೆ ಬೊಂಬಿನ ಕಟ್ಟೆಗೆ ಜೋತುಬಿದ್ದು ನಮ್ಮೂರ ಗೆಳೆಯನೊಬ್ಬ ನಿಂತಿದ್ದ. ಅವನ ಕಣ್ಣಲ್ಲಿ ನೀರು. ಆ ನಟರ ಕಟೌಟಿಗೆ ತನ್ನ ಪಾಲಿನ ದುಡ್ಡು ಹಾಕಲಿಕ್ಕೆ ಅವನು ಹಿಂದಿನ ವಾರ ಸಂತೆಯಲ್ಲಿ ಎರಡು ಕುರಿಮರಿ ಮಾರಿದ್ದ. ವೇದಿಕೆಯ ಮೇಲಿದ್ದವರಿಗೆ ದುಡ್ಡು ಏನೂ ಅಲ್ಲ. ಕೆಳಗೆ ನಿಂತವನಿಗೆ ಅದು ಎರಡು ಕುರಿಮರಿ!

ನಟರ ಹೆಸರು ಹೇಳೋದಿಲ್ಲ, ಗೆಳೆಯನ ಹೆಸರೂ ಹೇಳೋದಿಲ್ಲ. ಹೇಳಿದರೆ ನೀವು ಒಬ್ಬರ ಮೇಲೆ ಸಿಟ್ಟಾಗ್ತೀರಿ, ಇನ್ನೊಬ್ಬನನ್ನು ನೋಡಿ ನಗ್ತೀರಿ. ನನಗೆ ಎರಡೂ ಬೇಕಾಗಿಲ್ಲ. ಆದರೆ ಆ ರಾತ್ರಿ ಗುತ್ತಲದ ಕಡೆ ಹೋಗುವ ಕೊನೇ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಒಂದು ಪ್ರಶ್ನೆ ಕೊರೆಯತೊಡಗಿತು. ಎಲ್ಲಾ ಇಟ್ಟುಕೊಂಡವರು ‘ಏನೂ ಬೇಡ’ ಅಂತ ಬೋಧಿಸಬಹುದೇ? ಬೋಧಿಸಿದರೆ ಅದು ಮನಸ್ಸಿನಿಂದ ಬಂದ ಮಾತೋ, ಬರೀ ಡೈಲಾಗೋ?

ದೊಡ್ಡಪ್ಪನ ಕೋರ್ಟಿನಲ್ಲಿ

ನನ್ನೂರು ಗಳಗನಾಥ. ಹಾವೇರಿ ಜಿಲ್ಲೆಯ ಮೂಲೆಯಲ್ಲಿ, ವರದಾ ನದಿ ತುಂಗಭದ್ರೆಯನ್ನು ಸೇರುವ ಜಾಗದಲ್ಲಿದೆ. ಹನ್ನೊಂದನೇ ಶತಮಾನದ, ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ ನಮ್ಮ ಹೆಮ್ಮೆ. ಅದರ ಬುಡ ನೋಡಿದವರು ಮರೆಯೋದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗಿ ನೆಲಕ್ಕಿಳಿದಿದೆ, ಹೊಳೆ ಎಷ್ಟು ತುಂಬಿ ಬಂದರೂ ಅಲುಗಾಡೋದಿಲ್ಲ ಅನ್ನೋ ಹಾಗೆ. ನಮ್ಮಜ್ಜಿ ಹೇಳ್ತಿದ್ದಳು, ಒಳಗಿರೋದು ಸ್ಪರ್ಶಲಿಂಗ, ಹಿಂದಿನ ಕಾಲದಲ್ಲಿ ಕಬ್ಬಿಣ ಮುಟ್ಟಿಸಿದರೆ ಬಂಗಾರ ಆಗ್ತಿತ್ತಂತೆ! ಅಂಥಾ ಲಿಂಗ ಇರೋ ಊರಾಗ ನಾವ್ಯಾಕ ಬಡವರಾದ್ವಿ ಅಂತ ಸಣ್ಣವನಿದ್ದಾಗ ಕೇಳಿ ಬೆನ್ನಿಗೆ ಗುದ್ದು ತಿಂದಿದ್ದೇನೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನ ಅಪ್ಪನ ಅಣ್ಣ. ವಯಸ್ಸು ಎಪ್ಪತ್ತು ದಾಟಿದೆ. ಮದುವೆಯಾಗಿಲ್ಲ. ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು, ಮುಖಕ್ಕಿಂತ ಮೊದಲು ದನಿ ಗುರುತಿಸುತ್ತಿದ್ದ.

“ಏನ್ ಬರ್ಕೊಂಡ್ ಬಂದಿಯೋ ತಮ್ಮಾ?”

ನಡೆದದ್ದೆಲ್ಲ ಹೇಳಿದೆ. ಹೇಳುವಾಗ ಸ್ವಲ್ಪ ಮಸಾಲೆಯನ್ನೂ ಅರೆದೆ, ಸುಳ್ಳೇಕೆ ಹೇಳಲಿ. ದೊಡ್ಡಪ್ಪ ನಕ್ಕ.

“ಅಂವ ಹೇಳಿದ್ದು ಖರೇನ ಐತಲ್ಲೋ. ಖರೇ ಮಾತು ಯಾರ ಬಾಯಾಗ ಬಂದ್ರೂ ಖರೇನ.”

“ಅಂವ ಬಿಟ್ಟಾನೇನು ದೊಡ್ಡಪ್ಪಾ? ಒಂದ ಕಾರ ಬಿಟ್ಟಾನೇನು?”

“ಅದು ಅಂವನ ಲೆಕ್ಕ. ನಿನ್ನ ದೋಸ್ತ ಕುರಿ ಮಾರಿದ್ನಲ್ಲ, ಅದನ್ನ ಅಂವಗ ಯಾರರ ಹೇಳಿದ್ರೇನು? ಹೇಳಿದ ಮ್ಯಾಲೂ ಸುಮ್ನ ಇದ್ರ ಆಗ ಬೈಯಿ.”

ನೋಡಿ, ನಾಲ್ಕನೇ ಕ್ಲಾಸಿಗೆ ಸಾಲೆ ಬಿಟ್ಟವನ ತೀರ್ಪು! ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ಅಂದರೆ ನಮ್ಮ ಮನೆಯಲ್ಲಿ ನಾನೇ ವಿದ್ವಾಂಸ. ಆದರೂ ಬಾಯಿ ಕಟ್ಟಿತು. ಇರಲಿ. ಈ ಮನುಷ್ಯ ಹೀಗೆ ಮಾತಾಡಲಿಕ್ಕೆ ಒಂದು ಹಕ್ಕಿದೆ. ಅದನ್ನು ಆಮೇಲೆ ಹೇಳ್ತೇನೆ. ಮೊದಲು ಬೆಳ್ಳಿತೆರೆಯ ಕಡೆ ಬನ್ನಿ.

ಮುತ್ತುರಾಜನಿಂದ ನವಕೋಟಿಯವರೆಗೆ

‘ಬೇಡ’ ಅಂದ ಶ್ರೀಮಂತರ ಕತೆ ಕನ್ನಡ ಚಿತ್ರರಂಗಕ್ಕೆ ಹೊಸದಲ್ಲ. ನಮ್ಮ ಸಿನಿಮಾ ಬೆಳೆದದ್ದೇ ಆ ಕತೆಗಳ ಮೇಲೆ.

1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಬಂತು, ಹೊನ್ನಪ್ಪ ಭಾಗವತರ್ ಬಸವಣ್ಣನಾದರು. 1960ರಲ್ಲಿ ‘ಭಕ್ತ ಕನಕದಾಸ’, ರಾಜ್‌ಕುಮಾರ್ ಕನಕನಾದರು. 1964ರಲ್ಲಿ ‘ನವಕೋಟಿ ನಾರಾಯಣ’, ಅದೇ ರಾಜ್‌ಕುಮಾರ್ ಪುರಂದರದಾಸರಾದರು. ಒಬ್ಬ ಮಂತ್ರಿ, ಒಬ್ಬ ಡಣಾಯಕ, ಒಬ್ಬ ಸಾಹುಕಾರ. ಮೂವರಲ್ಲಿ ಯಾರೂ ಹೊಟ್ಟೆಗಿಲ್ಲದವರಲ್ಲ!

ಈಗ ಯೋಚಿಸಿ. ಆಸ್ತಿ ಬಿಟ್ಟವರ ಪಾರ್ಟು ಮಾಡಿದ ನಟ ಎಂಥವರು? ಗಾಜನೂರಿನ ಮುತ್ತುರಾಜ್, 1929ರಲ್ಲಿ ಹುಟ್ಟಿದವರು. ಅಪ್ಪ ಪುಟ್ಟಸ್ವಾಮಯ್ಯ ನಾಟಕದ ನಟ. ಗುಬ್ಬಿ ಕಂಪನಿಯ ನಾಟಕಗಳಲ್ಲಿ ಬೆಳೆದ ಹುಡುಗ, ಬಣ್ಣ ಹಚ್ಚಿದರೆ ಊಟ ಅನ್ನುವ ಬಾಳು. 1954ರ ‘ಬೇಡರ ಕಣ್ಣಪ್ಪ’ದಿಂದ ಭಾಗ್ಯದ ಬಾಗಿಲು ತೆರೆಯಿತು. ಬಿಡಲಿಕ್ಕೆ ಏನೂ ಇಲ್ಲದ ಮನೆಯಲ್ಲಿ ಹುಟ್ಟಿದವರು ಬಿಟ್ಟವರ ಪಾರ್ಟು ಮಾಡಿ ಹೆಸರು, ಹಣ ಎರಡನ್ನೂ ಗಳಿಸಿದರು! ಇದು ವಿಚಿತ್ರವೇ? ಹೌದು. ಮೋಸವೇ? ತಡೀರಿ, ಅವಸರ ಬೇಡ.

ಅಂದ ಹಾಗೆ, ಕನಕ ನಮ್ಮವನು, ನಮ್ಮ ಜಿಲ್ಲೆಯವನು. ಹುಟ್ಟಿದ್ದು ಬಾಡದಲ್ಲಿ. ಆದಿಕೇಶವನನ್ನು ಹಿಡಿದು ನಿಂತದ್ದು ಬ್ಯಾಡಗಿ ತಾಲೂಕಿನ ಕಾಗಿನೆಲೆಯಲ್ಲಿ. ತಿಮ್ಮಪ್ಪನಾಯಕನಿಗೆ ನೆಲದಲ್ಲಿ ಹೊನ್ನಿನ ಕೊಪ್ಪರಿಗೆ ಸಿಕ್ಕಿತು, ಅದಕ್ಕೇ ಕನಕನೆಂಬ ಹೆಸರು ಬಂತು ಅಂತ ಕತೆ. ಕೊನೆಗೆ ಆ ಹೊನ್ನೂ ಬೇಡ, ಆ ಕತ್ತಿಯೂ ಬೇಡ ಅಂತ ಹೊರಟ. ಹೆಸರಿನಲ್ಲಿ ಮಾತ್ರ ಬಂಗಾರ ಉಳಿಯಿತು, ಕೈಯಲ್ಲಿ ತಂಬೂರಿ.

ಅವನು ಬರೆದ ‘ರಾಮಧಾನ್ಯ ಚರಿತೆ’ಯ ಕತೆ ನಿಮಗೆ ಗೊತ್ತಿರಬಹುದು. ಅಕ್ಕಿಗೂ ರಾಗಿಗೂ ಜಗಳ. ಶ್ರೀಮಂತರ ತಟ್ಟೆಯ ಅಕ್ಕಿ ತಾನೇ ದೊಡ್ಡದು ಅನ್ನುತ್ತದೆ, ರಾಗಿಯನ್ನು ಕೀಳು ಅನ್ನುತ್ತದೆ. ಶ್ರೀರಾಮ ಎರಡನ್ನೂ ಸೆರೆಯಲ್ಲಿಡಿಸುತ್ತಾನೆ. ತಿಂಗಳುಗಟ್ಟಲೆ ಆದ ಮೇಲೆ ತೆಗೆಸಿ ನೋಡಿದರೆ ಅಕ್ಕಿ ಹಾಳಾಗಿದೆ, ರಾಗಿ ಗಟ್ಟಿಯಾಗಿ ನಿಂತಿದೆ. ಗೆದ್ದದ್ದು ಬಡವರ ಧಾನ್ಯ! ಇದನ್ನು ಬರೆದವನು ಅನ್ನ ಉಂಡು ಗೊತ್ತಿದ್ದ ಡಣಾಯಕ. ನನ್ನ ವಾದದ ಮೊದಲ ಗಂಟು ಇಲ್ಲೇ ಇದೆ. ಅನ್ನ ಕಾಣದವನು ‘ರಾಗಿ ಶ್ರೇಷ್ಠ’ ಅಂದರೆ ಜನ ಏನಂತಾರೆ? ‘ಪಾಪ, ಸಿಗದ ದ್ರಾಕ್ಷಿ ಹುಳಿ’ ಅಂತಾರೆ. ಉಂಡವನೇ ಎಲೆ ಸರಿಸಿ ಎದ್ದು ಹೇಳಿದರೆ ಮಾತಿಗೆ ತೂಕ ಬರುತ್ತದೆ. ಅಂದರೆ ಆಸ್ತಿ ಬೇಡ ಅಂತ ಹೇಳಲು ಶ್ರೀಮಂತನಿಗೆ ಹಕ್ಕಿಲ್ಲ ಅನ್ನೋದು ತಪ್ಪು. ನಿಜ ಹೇಳಬೇಕೆಂದರೆ ಅವನ ಮಾತನ್ನೇ ಲೋಕ ಕೇಳೋದು. ಆದರೆ ಎಲೆ ಸರಿಸಿ ಏಳಬೇಕು. ಉಣ್ಣುತ್ತಲೇ ಹೇಳಿದರೆ?

ಬಿಳಿ ಪಿಯಾನೋದ ಮುಂದೆ

ಉಣ್ಣುತ್ತಲೇ ಹೇಳಿದವರಿಗೆ ಇಂಗ್ಲೆಂಡಿನಲ್ಲಿ ಒಂದು ಪ್ರಖ್ಯಾತ ಉದಾಹರಣೆ ಇದೆ.

ಬೀಟಲ್ಸ್ ತಂಡದ ಜಾನ್ ಲೆನನ್ ಹೆಸರು ಕೇಳಿದ್ದೀರಿ. 1968ರಲ್ಲಿ ನಮ್ಮ ಹೃಷಿಕೇಶಕ್ಕೆ ಬಂದು ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ಕೂತು ಹೋದವರು. 1971ರಲ್ಲಿ ಅವರದೊಂದು ಹಾಡು ಬಂತು, ‘ಇಮ್ಯಾಜಿನ್’. ದೇಶ ಇಲ್ಲದ, ಧರ್ಮ ಇಲ್ಲದ, ಆಸ್ತಿಯೂ ಇಲ್ಲದ ಒಂದು ಲೋಕವನ್ನು ಊಹಿಸಿಕೊಳ್ಳಿ ಅನ್ನುವ ಹಾಡು. ಲೋಕವೇ ತಲೆದೂಗಿತು. ಆದರೆ ಆ ಹಾಡಿನ ಚಿತ್ರಣ ನೋಡಿ. ಲಂಡನ್ನಿಗೆ ಹತ್ತಿರದ ಟಿಟನ್‌ಹರ್ಸ್ಟ್ ಎಂಬ ಅವರದೇ ಬಂಗಲೆ, ಸುತ್ತ ಎಕರೆಗಟ್ಟಲೆ ತೋಟ, ಬೆಳ್ಳಗಿನ ದೊಡ್ಡ ಕೋಣೆ, ಬೆಳ್ಳಗಿನ ದೊಡ್ಡ ಪಿಯಾನೋ. ಪತ್ನಿ ಯೋಕೊ ಒಂದೊಂದೇ ಕಿಟಕಿ ತೆರೆಯುತ್ತಾರೆ, ಬೆಳಕು ಬರುತ್ತದೆ. ಕಿಟಕಿಗಳೋ, ಮುಗಿಯೋದೇ ಇಲ್ಲ! ಇಷ್ಟು ಕಿಟಕಿಯ ಮನೆಯಲ್ಲಿ ಕೂತು ಆಸ್ತಿ ಇಲ್ಲದ್ದನ್ನು ಊಹಿಸುವುದು ಸುಲಭ ಅಂತ ಅಂದಿನಿಂದ ಇಂದಿನವರೆಗೂ ಮೂಗು ಮುರಿದವರಿದ್ದಾರೆ.

ನಾನೂ ಮುರಿದವನೇ. ಮೊಬೈಲಿನಲ್ಲಿ ಆ ಹಾಡು ಮೊದಲ ಸಲ ನೋಡಿದಾಗ ನಗು ಬಂತು. ಎರಡನೇ ಸಲ ಕಣ್ಣು ಮುಚ್ಚಿ ಕೇಳಿದೆ. ಇಂಗ್ಲಿಷು ಅರ್ಧಂಬರ್ಧ ಅರ್ಥವಾಗುವ ನನಗೂ ಎದೆ ತುಂಬಿತು. ಅಂದರೆ ಏನಾಯಿತು? ಹಾಡು ಸುಳ್ಳಲ್ಲ. ಆದರೆ ಆ ಹಾಡು ಕೇಳುವವನನ್ನು ಪ್ರಶ್ನೆ ಮಾಡುತ್ತದೆ, ಹಾಡಿದವನನ್ನು ಅಷ್ಟಾಗಿ ಮಾಡೋದಿಲ್ಲ. ಲೆನನ್ 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಗುಂಡೇಟಿಗೆ ಬಲಿಯಾದರು. ಅವರ ಆಸ್ತಿ ಅವರ ಹಿಂದೆ ಹೋಗಲಿಲ್ಲ, ಹಾಡು ಹೋಗದೆ ಉಳಿಯಿತು.

ಹಿಂದಿ ಚಿತ್ರರಂಗಕ್ಕೆ ಬನ್ನಿ. ರಾಜ್ ಕಪೂರ್ ಹರಕು ಬೂಟು, ಗಿಡ್ಡ ಪ್ಯಾಂಟು ಹಾಕಿಕೊಂಡು ‘ಶ್ರೀ 420’ ಮಾಡಿದ್ದು 1955ರಲ್ಲಿ. ಆ ಹರಕು ಬೂಟಿನವನಿಗೆ ಸ್ವಂತ ಸ್ಟುಡಿಯೋ ಇತ್ತು! ಆದರೆ ಅದೇ ಮನುಷ್ಯ 1970ರ ‘ಮೇರಾ ನಾಮ್ ಜೋಕರ್’ಗೆ ಇದ್ದದ್ದೆಲ್ಲ ಸುರಿದು ಸಾಲದಲ್ಲಿ ಮುಳುಗಿದ. ಕನಸಿಗಾಗಿ ಕಳಕೊಂಡವನನ್ನು ಡಾಂಭಿಕ ಅನ್ನಲು ನನ್ನ ಪೆನ್ನು ಏಳೋದಿಲ್ಲ.

ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ

ಈಗ ಬಂತು ನೋಡಿ ಚಿತ್ರ! ‘ಬಂಗಾರದ ಮನುಷ್ಯ’!

1972. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ಜಿ.ಕೆ. ವೆಂಕಟೇಶ್ ಅವರ ಸಂಗೀತ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ರಾಜೀವ ಅಕ್ಕನ ಸಂಸಾರಕ್ಕಾಗಿ ಹಳ್ಳಿಗೆ ಬರುತ್ತಾನೆ, ಬರಡು ನೆಲ ಉಳುತ್ತಾನೆ, ಬಂಗಾರ ಬೆಳೆಯುತ್ತಾನೆ. ಕೊನೆಗೆ ಯಾರಿಗಾಗಿ ಬೆಳೆದನೋ ಆ ಅಕ್ಕನ ಮಗನ ಬಾಯಲ್ಲೇ ಅನುಮಾನದ ಮಾತು ಬರುತ್ತದೆ. ರಾಜೀವ ವಾದ ಮಾಡೋದಿಲ್ಲ, ಪಾಲು ಕೇಳೋದಿಲ್ಲ. ಎಲ್ಲ ಬಿಟ್ಟು ನಡೆದುಬಿಡುತ್ತಾನೆ. ಆ ಬೆನ್ನು ನೋಡಿ ಅಳದ ಕನ್ನಡಿಗ ಯಾರಿದ್ದಾನೆ? ಆ ಚಿತ್ರ ನೋಡಿ ಪಟ್ಟಣದಿಂದ ಹಳ್ಳಿಗೆ ವಾಪಸಾಗಿ ನೇಗಿಲು ಹಿಡಿದ ಹುಡುಗರ ಕತೆಗಳು ಕರ್ನಾಟಕದ ತುಂಬ ಇವೆ.

ಅವರಲ್ಲೊಬ್ಬ ನಮ್ಮ ದೊಡ್ಡಪ್ಪ!

ಆಗ ಇಪ್ಪತ್ತರ ಹುಡುಗ. ಹುಬ್ಬಳ್ಳಿಯಲ್ಲಿ ಅಂಗಡಿಯೊಂದರಲ್ಲಿ ಮೂಟೆ ಹೊರುವ ಕೆಲಸ. ಅಲ್ಲೊಮ್ಮೆ ನೋಡಿದ, ಕೆಲಸ ಬಿಟ್ಟು ಊರಿಗೆ ಬಂದ. ಆಮೇಲೆ ಚಿತ್ರ ರಾಣೇಬೆನ್ನೂರಿಗೆ ಬಂದಾಗ, ಗುತ್ತಲದ ಟೆಂಟಿಗೆ ಬಂದಾಗ, ಎತ್ತಿನ ಬಂಡಿ ಕಟ್ಟಿಕೊಂಡು ಹೋಗಿ ನೆಲದ ಟಿಕೇಟಿನಲ್ಲಿ ನೋಡಿದ. ಒಟ್ಟು ಹನ್ನೊಂದು ಸಲ. ಊರಲ್ಲಿ ಅವನಿಗೆ ‘ರಾಜೀವಪ್ಪ’ ಅಂತಲೇ ಹೆಸರು ಬಿತ್ತು. ಹೊಳೆದಂಡೆಯ ಹೊಲದಲ್ಲಿ ಜಾಲಿಗಿಡ ಕಡಿದು, ಕಲ್ಲು ಆರಿಸಿ, ಹತ್ತಿ ಮೆಣಸಿನಕಾಯಿ ಬೆಳೆದ. ಇಬ್ಬರು ತಮ್ಮಂದಿರಿಗೆ ಮದುವೆ ಮಾಡಿದ. ತಾನು ಮಾಡಿಕೊಳ್ಳಲಿಲ್ಲ.

ಮುಂದೆ ವಾಟ್ನಿಯ ದಿನ ಬಂತು. ಆರು ಎಕರೆ, ಮೂರು ಪಾಲು, ತಲೆಗೆ ಎರಡು. ಹಿರಿಯರು ಕೂತಿದ್ದರು. ದೊಡ್ಡಪ್ಪ ಎದ್ದು ನಿಂತು, “ನಂದು ಅಂತ ಏನೂ ಬ್ಯಾಡ್ರಿ. ತಮ್ಮಗೋಳಿಗೆ ಒಂದೊಂದು ಎಕರೆ ಹಚ್ಚಿಬಿಡ್ರಿ” ಅಂದನಂತೆ. ಅಂದವನೇ ಕಾಗದಕ್ಕೆ ಸಹಿ ಹಾಕಿದ. ಇದು ನಾನು ಹುಟ್ಟುವ ಮುಂಚಿನ ಮಾತು.

ಗೆಳೆಯರೇ, ಸಿನಿಮಾದಲ್ಲಿ ರಾಜೀವ ನಡೆದು ಹೋದ ಮೇಲೆ ತೆರೆ ಬೀಳುತ್ತದೆ. ರಾಜೀವ ಮರುದಿನ ಎಲ್ಲಿ ಉಂಡ, ಜ್ವರ ಬಂದಾಗ ಯಾರು ಕಷಾಯ ಕೊಟ್ಟರು, ಎಪ್ಪತ್ತನೇ ವಯಸ್ಸಿನಲ್ಲಿ ಕಣ್ಣಿಗೆ ಪೊರೆ ಬಂದಾಗ ಯಾರು ಆಸ್ಪತ್ರೆಗೆ ಕರೆದೊಯ್ದರು? ತೆರೆ ಬಿದ್ದ ಮೇಲಿನ ಪ್ರಶ್ನೆ ಇವು. ನಮ್ಮ ಮನೆಯಲ್ಲಿ ತೆರೆ ಬೀಳಲಿಲ್ಲ. ರಾಜೀವಪ್ಪ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಉಳಿದ.

ಕಾಯ್ದೆ ಯಾರ ಮನಸ್ಸೂ ಕೇಳಲಿಲ್ಲ

ನಡುವೆ ಒಂದು ಮಾತು. ಉಪದೇಶದಿಂದ ಆಸ್ತಿ ಬಿಡಿಸಬಹುದೇ ಅನ್ನೋದಕ್ಕೆ ಈ ದೇಶದಲ್ಲಿ ದೊಡ್ಡ ಪರೀಕ್ಷೆಯೇ ನಡೆದಿದೆ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆ ಭೂಮಿ ಬೇಡಿದರು. ವೆದಿರೆ ರಾಮಚಂದ್ರ ರೆಡ್ಡಿ ಎಂಬ ಜಮೀನುದಾರರು 100 ಎಕರೆ ಕೊಟ್ಟರು. ಭೂದಾನ ಚಳವಳಿ ಹುಟ್ಟಿತು. ವಿನೋಬಾ ಕಾಲ್ನಡಿಗೆಯಲ್ಲಿ ದೇಶ ಸುತ್ತಿದರು. 1957ರಲ್ಲಿ ನಮ್ಮ ಮೈಸೂರಿನ ಹತ್ತಿರ ಯಲವಾಳದಲ್ಲಿ ದೇಶದ ನಾಯಕರೆಲ್ಲ ಕೂಡಿ ಗ್ರಾಮದಾನದ ಬಗ್ಗೆ ಚರ್ಚಿಸಿದರು. ಮನಸಾರೆ ಕೊಟ್ಟವರು ಇದ್ದರು, ನಮಸ್ಕಾರ ಅವರಿಗೆ. ಆದರೆ ಕಲ್ಲುಭೂಮಿ, ತಕರಾರಿನ ಭೂಮಿ ಕೊಟ್ಟು ಕೈ ತೊಳೆದುಕೊಂಡವರೂ ಇದ್ದರು.

ನಮ್ಮ ರಾಜ್ಯದಲ್ಲಿ ದೇವರಾಜ ಅರಸರು ಬೇರೆ ದಾರಿ ಹಿಡಿದರು. ‘ಬಂಗಾರದ ಮನುಷ್ಯ’ ಬಂದ ಎರಡೇ ವರ್ಷಕ್ಕೆ, 1974ರ ಮಾರ್ಚ್ 1ರಿಂದ, ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರ್ಕಾರದ ವಶ, ಗೇಣಿದಾರ 7ನೇ ನಮೂನೆಯ ಅರ್ಜಿ ಹಾಕಿಕೊಂಡರೆ ಭೂನ್ಯಾಯ ಮಂಡಳಿ ತೀರ್ಮಾನ ಮಾಡಿ ಅವನ ಹೆಸರಿಗೆ ಹಚ್ಚಬೇಕು. ಉಳುವವನೇ ಹೊಲದೊಡೆಯ! ಕಾಯ್ದೆ ಯಾವ ಧಣಿಯ ಮನಸ್ಸು ಶುದ್ಧವಾಗಿದೆಯೋ ಇಲ್ಲವೋ ಅಂತ ಕೇಳಲಿಲ್ಲ. ಮನಸ್ಸಿದ್ದವನೂ ಬಿಟ್ಟ, ಮನಸ್ಸಿಲ್ಲದವನೂ ಬಿಟ್ಟ.

ಹಾಗಾದರೆ ಉಪದೇಶ ವ್ಯರ್ಥವೇ? ನನಗೆ ಹಾಗನ್ನಿಸೋದಿಲ್ಲ. ‘ನೆಲ ಉತ್ತವನದು’ ಅಂತ ಯಾರೋ ಮೊದಲು ಹೇಳಿರಬೇಕು, ಹಾಡಿರಬೇಕು, ನಾಟಕ ಆಡಿರಬೇಕು. ಹೇಳಿದವರಲ್ಲಿ ಹೊಲ ಇದ್ದವರೂ ಇದ್ದರು. ಮಾತು ಮೊದಲು ಗಾಳಿಯಲ್ಲಿ ಹರಡಬೇಕು, ಆಮೇಲೆ ಕಾಗದಕ್ಕೆ ಇಳಿಯುತ್ತದೆ.

ಲಕ್ಕಮ್ಮನ ಲೆಕ್ಕ

ಬಸವಣ್ಣನ ಮಾತು ಬಾಕಿ ಉಳಿಯಿತು. ಅವನದು ಇನ್ನೂ ಕಷ್ಟದ ಪ್ರಸಂಗ. ಕನಕ, ಪುರಂದರ ಬಿಟ್ಟು ಹೊರಟರು. ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಕೀಲಿಕೈ ಸೊಂಟದಲ್ಲಿಟ್ಟುಕೊಂಡೇ ‘ಕೂಡಿಡಬೇಡಿ’ ಅಂದ! ಇವನು ಅರಸನ ಹಣ ಜಂಗಮರಿಗೆ ಸುರಿಯುತ್ತಿದ್ದಾನೆ ಅಂತ ಚಾಡಿ ಹೇಳಿದರಂತೆ. ಲೆಕ್ಕ ತೆಗೆಸಿ ನೋಡಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲ ಅಂತ ಪುರಾಣ ಹೇಳುತ್ತದೆ. ಅಂದರೆ ಇಟ್ಟುಕೊಂಡೂ ಇಲ್ಲದವನ ಹಾಗೆ ಇರಬಹುದು, ಆದರೆ ಲೆಕ್ಕ ತೋರಿಸಬೇಕು. ಕೇಳಿದಾಗ ಪೆಟ್ಟಿಗೆ ತೆರೆಯಬೇಕು.

ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂತ ಇದ್ದ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆರಿಸಿ ತರೋದೇ ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ನಮಗೆ ಎಷ್ಟು ಬೇಕೋ ಅಷ್ಟೇ ಸಾಕು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ವಾಪಸು ಕಳಿಸಿದಳು. ಏನು ಗತ್ತು ನೋಡಿ ಆ ಹೆಂಗಸಿನದು! ಶ್ರೀಮಂತರು ಮಾತ್ರ ಬೇಡ ಅನ್ನಬಲ್ಲರು ಅಂತ ಮೇಲೆ ಹೇಳಿದೆನಲ್ಲ, ಲಕ್ಕಮ್ಮ ಆ ಮಾತನ್ನು ಒಂದೇ ಏಟಿಗೆ ಕೆಡವುತ್ತಾಳೆ. ಆದರೆ ಅವಳ ಕತೆ ಇನ್ನೂ ಹಿರಿತೆರೆಯ ಮೇಲೆ ನಾಯಕಿಯ ಕತೆಯಾಗಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಿರ್ಮಾಪಕರು ಕೇಳಿಸಿಕೊಳ್ಳಲಿ.

ನಮ್ಮೂರಲ್ಲೂ ಅಂಥವರಿದ್ದರು. ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಗಳಗನಾಥರು, ಅಂದರೆ ವೆಂಕಟೇಶ ತಿರಕೊ ಕುಲಕರ್ಣಿ, 1869ರಿಂದ 1942ರವರೆಗೆ ಬಾಳಿದವರು. ‘ಮಾಧವ ಕರುಣಾ ವಿಲಾಸ’ ಬರೆದ ಆ ಹಿರಿಯರು ತಮ್ಮ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಿಗೆ ಓದುವ ಚಟ ಹಚ್ಚಿದರು, ತಮಗೆ ಮಾತ್ರ ಏನೂ ಹಚ್ಚಿಕೊಳ್ಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಈ ವಾರಪತ್ರಿಕೆ ನೇತಾಡೋದು ನೋಡಿದಾಗ ನನಗೆ ಆ ಗಂಟು ನೆನಪಾಗುತ್ತದೆ.

ಕಣ್ಣು ಕೊಟ್ಟವರು, ಕಣ್ಣಿದ್ದೂ ಕಾಣದವನು

ಮತ್ತೆ ರಾಜ್ ವಿಷಯ. ಅವರಿಗೆ ಸದಾಶಿವನಗರದಲ್ಲಿ ಮನೆ ಇತ್ತು, ಗಾಜನೂರಿನಲ್ಲಿ ತೋಟ ಇತ್ತು, ಸ್ವಂತ ಚಿತ್ರ ಸಂಸ್ಥೆ ಇತ್ತು. ರಾಜೀವನ ಹಾಗೆ ಎಲ್ಲ ಬಿಟ್ಟು ನಡೆಯಲಿಲ್ಲ. ಆದರೆ 1994ರಲ್ಲಿ ನೇತ್ರದಾನದ ಮಾತು ಕೊಟ್ಟರು. 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಆ ಮಾತು ನಡೆಯಿತು. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗಲೂ ಹಾಗೇ. ಪುನೀತ್ ಕಣ್ಣಿನಿಂದ ನಾಲ್ಕು ಜನ ಬೆಳಕು ಕಂಡರು. ಹೆಸರಿಗೆ ಹಚ್ಚಲಾಗದ, ಮಾರಲಾಗದ ಆಸ್ತಿ ಅದು. ಇಡೀ ಆಸ್ತಿ ಬಿಡಲಿಲ್ಲ, ಒಂದು ಮಾತು ಬಿಡಲಿಲ್ಲ. ನನಗೆ ಅಷ್ಟು ಸಾಕು.

ಈ ನೇತ್ರದಾನದ ಮೇಲೆ ನಾನು ಮೂರು ಲೇಖನ ಬರೆದಿದ್ದೇನೆ. ಮೂರಕ್ಕೂ ಸಂಭಾವನೆ ಬಂದಿದೆ. ಮೂರನ್ನೂ ಬರೆದದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ದೊಡ್ಡಪ್ಪ ಗೋಡೆ ಹಿಡಿದು ಹಿಡಿದು ಬಚ್ಚಲಿಗೆ ಹೋಗೋದನ್ನು ನೋಡುತ್ತಲೇ!

“ಕಣ್ಣಿನ ಕ್ಯಾಂಪ್ ಬಂದಾಗ ನನ್ನ ಒಂದೀಟು ಕರಕೊಂಡ ಹೋಗಪಾ” ಅಂತ ಎರಡು ವರ್ಷದಿಂದ ಹೇಳ್ತಿದ್ದ. ದುಡ್ಡಿನ ಪ್ರಶ್ನೆ ಇರಲಿಲ್ಲ, ಆಪರೇಷನ್ ಪುಕ್ಕಟೆ. ನನಗೆ ಪುರುಸೊತ್ತು ಇರಲಿಲ್ಲ. ಆಡಿಯೋ ರಿಲೀಸು, ಟೀಸರು, ಹುಟ್ಟುಹಬ್ಬ...

ಇನ್ನೊಂದು ಮಾತೂ ಬಯಲಾಗಲಿ. ದೊಡ್ಡಪ್ಪ ಬಿಟ್ಟುಕೊಟ್ಟ ಆ ಒಂದು ಎಕರೆ ಅಪ್ಪನ ಹೆಸರಲ್ಲಿ ಇದೆ. ಈಗ ಅದಕ್ಕೆ ಒಳ್ಳೇ ರೇಟು. ಮಾರಿ ಅರ್ಧದಲ್ಲಿ ಸಾಲ ತೀರಿಸೋದು, ಅರ್ಧದಲ್ಲಿ ನನಗೆ ಕ್ಯಾಮೆರಾ, ಬೆಂಗಳೂರಿನಲ್ಲಿ ರೂಮು ಅಂತ ಮಾತಾಗಿತ್ತು. ಕೊಳ್ಳುವವನು ಬಂದು ಹೊಲ ನೋಡಿಕೊಂಡೂ ಹೋಗಿದ್ದ. ದೊಡ್ಡಪ್ಪನನ್ನು ಯಾರೂ ಕೇಳಲಿಲ್ಲ. ಉತಾರದಲ್ಲಿ ಹೆಸರಿಲ್ಲದವನನ್ನು ಯಾಕೆ ಕೇಳಬೇಕು?

ವೇದಿಕೆಯ ಮೇಲಿನ ನಟರನ್ನು ‘ಒಂದು ಕಾರಾದರೂ ಬಿಟ್ಟಿದ್ದೀರಾ?’ ಅಂತ ಕೇಳಹೊರಟವನು ನಾನು. ಇನ್ನೊಬ್ಬರು ಬಿಟ್ಟ ನೆಲದ ಮೇಲೆ ಕೂತು!

ಕಟ್ಟೆಯ ಮೇಲಿನ ಆ ಮಾತು ನಡೆದ ಮೂರನೇ ದಿನ ಅವನನ್ನು ಬಸ್ಸು ಹತ್ತಿಸಿದೆ. ಮೊದಲು ಒಂದು ಕಣ್ಣು, ತಿಂಗಳ ಮೇಲೆ ಇನ್ನೊಂದು. ಪಟ್ಟಿ ಬಿಚ್ಚಿದ ದಿನ ನನ್ನ ಮುಖವನ್ನು ಬಹಳ ಹೊತ್ತು ನೋಡಿ, “ಕೂದಲಾ ಉದುರ್ಯಾವಲ್ಲೋ ನಿನಗ!” ಅಂದ. ಅಷ್ಟು ದಿನ ನೋಡಿರಲಿಲ್ಲ, ಪಾಪ.

ಆ ರಾತ್ರಿ ಮೊಬೈಲಿನಲ್ಲಿ ‘ಬಂಗಾರದ ಮನುಷ್ಯ’ ಹಚ್ಚಿಕೊಟ್ಟೆ. ಹನ್ನೆರಡನೇ ಸಲ. “ರಾಜಕುಮಾರ ಎಷ್ಟ ಸಣ್ಣಂವಾಗ್ಯಾನೋ” ಅಂತ ನಕ್ಕ. ಕೊನೇ ದೃಶ್ಯ ಬಂದಾಗ ನಗು ನಿಂತಿತು. ನಾನು ಕೇಳಿಯೇಬಿಟ್ಟೆ.

“ದೊಡ್ಡಪ್ಪಾ, ಅಂವ ಪಾರ್ಟು ಮುಗಿಸಿ ಮನೀಗೆ ಹೋಗಿ ಉಂಡ. ನೀ ಖರೇ ಅಂತ ನಂಬಿ ಬಿಟ್ಟಿ. ಮೋಸ ಹೋದೆ ಅನ್ನಸೂದಿಲ್ಲೇನು?”

“ಅಂವ ಪಾರ್ಟು ಮಾಡಿದ್ದು ಅಂತ ನನಗ ಆಗೂ ಗೊತ್ತಿತ್ತಲ್ಲೋ, ನಾ ಏನ್ ಹುಚ್ಚನ? ಆದ್ರ ನಾ ಅತ್ತಿದ್ದು ಪಾರ್ಟು ಅಲ್ಲ. ಹೊಲಾ ನಾ ಬಿಟ್ಟಿದ್ದು, ಅಂವ ಬಿಡಸಲಿಲ್ಲ.” ಸ್ವಲ್ಪ ತಡೆದು ಮತ್ತೆ ಅಂದ: “ಬಿಟ್ಟಿದ್ದಕ್ಕ ಬ್ಯಾಸರ ಇಲ್ಲ. ಆದ್ರ ಮಾರೂ ಮುಂದ ಒಂದ ಮಾತು ಕೇಳಿದ್ರ ಚಲೋ ಇತ್ತು.”

ಅವನಿಗೆ ಗೊತ್ತಿತ್ತು! ಕಣ್ಣು ಕಾಣದಿದ್ದರೂ ಕಿವಿ ಇತ್ತಲ್ಲ.

ಕೊನೆಗೆ ಏನಂತೀರಿ?

ಶ್ರೀಮಂತರು ಆಸ್ತಿಯಿಲ್ಲದ ಲೋಕವನ್ನು ಮನಸಾರೆ ಬೋಧಿಸಬಹುದೇ? ನನ್ನ ಉತ್ತರ, ಬೋಧಿಸಬಹುದು. ಅಷ್ಟಕ್ಕೇ ಅವರನ್ನು ಡಾಂಭಿಕರು ಅನ್ನಬೇಡಿ. ಅವರ ಮನಸ್ಸು ಅಳೆಯುವ ತಕ್ಕಡಿ ನಮ್ಮ ಹತ್ತಿರ ಇಲ್ಲ. ಆದರೆ ಮೂರು ಪ್ರಶ್ನೆ ಕೇಳುವ ಹಕ್ಕು ನೆಲದ ಟಿಕೇಟಿನವನಿಗೂ ಇದೆ. ಕನಕನ ಹಾಗೆ ಏನನ್ನಾದರೂ ಬಿಟ್ಟಿರಾ? ಬಿಟ್ಟಿಲ್ಲವಾದರೆ ಬಸವಣ್ಣನ ಹಾಗೆ ಲೆಕ್ಕ ತೋರಿಸುತ್ತೀರಾ? ನಿಮ್ಮ ಮಾತು ನಂಬಿ ಬಿಟ್ಟವನ ಗತಿ ಏನಾಯಿತು ಅಂತ ತಿರುಗಿ ನೋಡಿದಿರಾ? ಮೂರನೆಯದೇ ದೊಡ್ಡದು. ಮೂರಕ್ಕೂ ಉತ್ತರ ಇಲ್ಲದಿದ್ದರೆ ಶಿಳ್ಳೆ ಹಾಕಿ, ಮನೆಗೆ ಬನ್ನಿ. ಕುರಿಮರಿ ಮಾತ್ರ ಮಾರಬೇಡಿ!

ಇನ್ನು ನನ್ನ ಲೆಕ್ಕ. ಕ್ಯಾಮೆರಾ ಸದ್ಯಕ್ಕೆ ಬೇಡ ಅಂದಿದ್ದೇನೆ. ಆ ಎಕರೆಯನ್ನು ದೊಡ್ಡಪ್ಪನ ಹೆಸರಿಗೆ ತಿರುಗಿ ಹಚ್ಚೋಣ, ಕಡೇಪಕ್ಷ ಅವನಿರುವತನಕ ಮಾರೋದು ಬೇಡ ಅಂತ ಅಪ್ಪನಿಗೆ ಹೇಳಿದೆ. ಅಪ್ಪ ಇನ್ನೂ ಹೂಂ ಅಂದಿಲ್ಲ. ಸಾಲದವರು ಬಂದು ಹೋಗುತ್ತಿದ್ದಾರೆ. ಈ ಲೇಖನದ ಸಂಭಾವನೆ ಬಂದರೆ ದೊಡ್ಡಪ್ಪನಿಗೆ ಓದುವ ಕನ್ನಡಕ ಕೊಡಿಸಬೇಕು. ಪತ್ರಿಕೆ ಕೈಗೆ ಬಂದ ದಿನ ಇದನ್ನು ಅವನೇ ಓದಲಿ. ನಾಲ್ಕನೇ ಕ್ಲಾಸು ಸಾಕು ಇದಕ್ಕೆ.